ಅರವತ್ತಮೂರನೆಯವರ ಚೀಟಿಗಳು

ಮಾರ್ಚ್ 3, ಸೋಮವಾರ

ನಮ್ಮ ನಿಘಂಟಿನ ಟಿ ಅಕ್ಷರ ಈ ಜನ್ಮದಲ್ಲಿ ಮುಗಿಯುವ ಹಾಗೆ ಕಾಣುತ್ತಿಲ್ಲ. ಇವತ್ತು ಕೈಗೆ ಬಂದದ್ದು 'ಟೇಕ್ ಆಫ್'. ನೂರಾ ಹನ್ನೆರಡು ಚೀಟಿ! ಇಂಗ್ಲಿಷಿನವರಿಗೆ ಎರಡು ಪುಟ್ಟ ಪದ ಸಿಕ್ಕರೆ ಸಾಕು, ಇಡೀ ಸಂಸಾರವನ್ನು ಅದರಲ್ಲೇ ತುರುಕಿಬಿಡುತ್ತಾರೆ. ಕೋಟು ಬಿಚ್ಚುವುದೂ ಟೇಕ್ ಆಫ್. ವಿಮಾನ ಏರುವುದೂ ಟೇಕ್ ಆಫ್. ವ್ಯಾಪಾರ ಕುದುರುವುದು, ಕೆಲಸಕ್ಕೆ ರಜೆ ಹಾಕುವುದು, ಮೇಷ್ಟರ ದನಿ ಅಣಕಿಸುವುದು — ಎಲ್ಲಕ್ಕೂ ಅದೇ. ಕೊನೆಗೆ, ಹೇಳದೆ ಕೇಳದೆ ಹೊರಟುಹೋಗುವುದಕ್ಕೂ. ಚೀಟಿಗಳಲ್ಲಿ ಮುಕ್ಕಾಲು ಪಾಲು ಈ ಕೊನೆಯ ಅರ್ಥಕ್ಕೇ. ಜಗತ್ತಿನಲ್ಲಿ ಹೊರಟುಹೋಗುವವರೇ ಜಾಸ್ತಿ ಇರಬೇಕು.

ಸೋಮವಾರ, ಹಾಗಾಗಿ ದೊಡ್ಡವರ ಪ್ರವಚನ. ಪ್ರಧಾನ ಸಂಪಾದಕರು ಅಂದರೆ ಅವರಿಗೆ ಇಷ್ಟವಿಲ್ಲ, ನಾವೆಲ್ಲ ದೊಡ್ಡವರು ಅನ್ನುತ್ತೇವೆ. "ಇದು ಆಡುಮಾತಿನ ಇಂಗ್ಲಿಷ್–ಕನ್ನಡ ನಿಘಂಟು. ಪುಸ್ತಕದಿಂದ ಎತ್ತಿದ ಒಂದೇ ಒಂದು ವಾಕ್ಯ ಇದರಲ್ಲಿ ಇರಕೂಡದು. ಯಾರೋ ಬಾಯಿಬಿಟ್ಟು ಹೇಳಿರಬೇಕು, ಇನ್ಯಾರೋ ಕಿವಿಯಾರೆ ಕೇಳಿರಬೇಕು." ಹನ್ನೊಂದು ವರ್ಷದಿಂದ ಇದನ್ನೇ ಕೇಳಿ ಕೇಳಿ ನನ್ನ ಕಿವಿಯೂ ತೂತು ಬಿದ್ದಿದೆ.

ಚೀಟಿ ಕಳಿಸುವವರು ಊರೂರಲ್ಲಿದ್ದಾರೆ. ಅವರಿಗೆ ಹೆಸರಿಲ್ಲ, ನಂಬರ್ ಮಾತ್ರ. ಪರಿಚಯದವರು ಅಂತ ಮುಲಾಜು ಮಾಡಬಾರದಲ್ಲ, ಅದಕ್ಕೆ. ಟೈಪ್ ಅಕ್ಕ ಅವರ ಕೈಬರಹವನ್ನೆಲ್ಲ ಟೈಪ್ ಮಾಡಿ ನಮಗೆ ಕೊಡುತ್ತಾಳೆ. ನಾವು ಸೀಲು ಒತ್ತುತ್ತೇವೆ. ಮೂರೇ ಸೀಲು: ಬೇಕು. ಬೇಡ. ವಿವರ ಬೇಕು. ಬೇಡ ಅಂದರೆ ಕಾರಣ ಬರೆಯಬೇಕು. ಆ ಕಾರಣ ಒಂದು ಕಾರ್ಡಿನಲ್ಲಿ ಕಳಿಸಿದವರಿಗೆ ಹೋಗುತ್ತದೆ.

ಅರವತ್ತಮೂರರದ್ದು ಇವತ್ತೂ ಒಂದು ಬಂದಿತ್ತು. 'ದ ಬಸ್ ಟುಕ್ ಆಫ್ ವಿದೌಟ್ ಮಿ.' ವಾಕ್ಯ ಪರವಾಗಿಲ್ಲ. ಆದರೆ ಸಂದರ್ಭ? ಮುದುಕಿಯ ಕೈಚೀಲ ಬಸ್ಸಿನಲ್ಲೇ ಉಳಿದದ್ದು, ಆಕೆ ಬಸ್ಸಿನ ಹಿಂದೆ ಕೈ ಬೀಸಿದ್ದು, ಆಮೇಲೆ ಬೀಸಿದ ಕೈಯನ್ನೇ ನೋಡಿಕೊಂಡದ್ದು... ಅಯ್ಯಾ ಮಹಾನುಭಾವ! ಬೇಡ. ಕಾರಣ: ಸಂದರ್ಭ ಅನಗತ್ಯವಾಗಿ ದೀರ್ಘ. ಟೈಪ್ ಅಕ್ಕ ನಕ್ಕಳು. "ನಿನ್ನ ಪುರಾಣಿಕರಿಗೆ ಮತ್ತೆ ಮಂಗಳಾರತಿನಾ?"

ಮಾರ್ಚ್ 4

ಹೊರಟುಹೋಗುವುದಕ್ಕೆ ಕನ್ನಡ ಹುಡುಕುತ್ತಾ ಕೂತೆ. ಬರ ಇಲ್ಲ ನಮಗೆ.

ಕಂಬಿ ಕೀಳು — ಇದರಲ್ಲಿ ಸ್ವಲ್ಪ ತಮಾಷೆ ಇದೆ. ಕಾಲಿಗೆ ಬುದ್ಧಿ ಹೇಳು — ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿರಬೇಕು. ಪರಾರಿ — ಪೇಪರಿನವರದು. ಜಾಗ ಖಾಲಿ ಮಾಡು — ಮಾಡು ಅಂತ ಇನ್ನೊಬ್ಬರು ಹೇಳಿರುತ್ತಾರೆ. ಗಂಟುಮೂಟೆ ಕಟ್ಟು — ಕಟ್ಟಿಕೊಳ್ಳುವಷ್ಟು ಪುರಸೊತ್ತು ಇತ್ತು ಅಂತಾಯಿತು. ಜಾರಿಕೋ, ನಾಪತ್ತೆಯಾಗು, ಪೇರಿ ಕೀಳು...

ಉದಾಹರಣೆಗೆ ಹೊರಗೆ ಹೋಗುವುದೇ ಬೇಡ, ನಮ್ಮ ಮನೆಯಲ್ಲೇ ಒಂದಿದೆ. ನನಗೆ ಹದಿನಾಲ್ಕು. ಅಮ್ಮನ ಇಸ್ತ್ರಿ ಪೆಟ್ಟಿಗೆ ಕೆಟ್ಟಿತ್ತು. ದರ್ಜಿ ಕೆಲಸದವಳಿಗೆ ಇಸ್ತ್ರಿ ಪೆಟ್ಟಿಗೆ ಇಲ್ಲದಿದ್ದರೆ ಕೈ ಕಟ್ಟಿಹಾಕಿದ ಹಾಗೆ. ಅಪ್ಪ "ರಿಪೇರಿ ಮಾಡಿಸ್ಕೊಂಡು ಬರ್ತೀನಿ" ಅಂತ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹದಿನೆಂಟು ವರ್ಷವಾಯಿತು. ಅಪ್ಪನೂ ಇಲ್ಲ, ಇಸ್ತ್ರಿ ಪೆಟ್ಟಿಗೆಯೂ ಇಲ್ಲ. ಆಮೇಲೆ ಕೊಂಡದ್ದಕ್ಕೆ ಹದಿನೇಳು ವರ್ಷ ವಯಸ್ಸು, ಅಮ್ಮ ಇವತ್ತಿಗೂ ಅದನ್ನು 'ಹೊಸದು' ಅನ್ನುತ್ತಾಳೆ.

ಆ ಮನುಷ್ಯನ ಹೆಸರನ್ನು ಈ ಮನೆಯಲ್ಲಿ ಎತ್ತಬಾರದು ಅಂತ ಹದಿನೈದನೇ ವಯಸ್ಸಿನಲ್ಲೇ ಹೇಳಿದ್ದೆ. ಅಮ್ಮ ಎತ್ತಿಲ್ಲ. ಇವತ್ತು ನಾನೇ ಎತ್ತಿದೆ, ಅದೂ ಡೈರಿಯಲ್ಲಿ. ಸಾಕು.

ನಾಳೆಯಿಂದ ಟೈಪ್ ಅಕ್ಕ ರಜೆ. ಕಣ್ಣಿನ ಆಪರೇಷನ್. ಹತ್ತು ದಿನ ಚೀಟಿಗಳು ಕೈಬರಹದಲ್ಲೇ ಬರುತ್ತವಂತೆ. ಯಾರ ಕೋಳಿಕಾಲಿನ ಅಕ್ಷರ ಓದಬೇಕೋ.

ಮಾರ್ಚ್ 6, ಗುರುವಾರ. ಬೆಳಿಗ್ಗೆ 11.20

ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಬರೆಯುತ್ತೇನೆ.

ಅರವತ್ತಮೂರರ ಚೀಟಿ. ಕೈಬರಹ. ಅಕ್ಷರದ ಮೇಲೊಂದು ಕೆಳಗೊಂದು ಪೆನ್ಸಿಲ್ ಗೆರೆ ಎಳೆದು, ನಡುವೆ ಬರೆದು, ಆಮೇಲೆ ಗೆರೆ ಅಳಿಸಿದ್ದಾರೆ. ಪೂರ್ತಿ ಅಳಿಸಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ತಲೆಕಟ್ಟು ಎಡಗಡೆ ದಪ್ಪ, ಬಲಗಡೆ ಸಪೂರ, ಕುಂಚದಲ್ಲಿ ಎಳೆದ ಹಾಗೆ.

ಅಂಗಡಿ ಬೋರ್ಡು ಬರೆಯುವವರ ಅಕ್ಷರ. ಸಾಮಾನಿನ ಚೀಟಿಗೂ ಗೆರೆ ಎಳೆದುಕೊಂಡು ಬರೆಯುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ. ನನಗೆ ಅಕ್ಷರ ಕಲಿಸಿದ್ದೂ ಹಾಗೇ. "ತಲೆಕಟ್ಟು ನೆಟ್ಟಗಿದ್ರೆ ಅಕ್ಷರ ನೆಟ್ಟಗಿರುತ್ತೆ ಕಣೇ ಪುಟ್ಟಿ."

ಚೀಟಿಯಲ್ಲಿ ಇದ್ದದ್ದನ್ನು ಹಾಗೆಯೇ ಇಳಿಸುತ್ತೇನೆ —

ವಾಕ್ಯ: ಮೈ ಡ್ಯಾಡ್ ಟುಕ್ ಆಫ್ ವೆನ್ ಐ ವಾಸ್ ಫೋರ್ಟೀನ್.
ಹೇಳಿದವರು: ಸುಮಾರು ಮೂವತ್ತರ ಹೆಣ್ಣುಮಗಳು, ತನ್ನ ಗೆಳತಿಗೆ.
ಎಲ್ಲಿ, ಯಾವಾಗ: ಬಸ್ ನಿಲ್ದಾಣ, ವಿಚಾರಣೆ ಕಿಟಕಿ. ಫೆಬ್ರವರಿ 19, ಮಧ್ಯಾಹ್ನ.
ಸಂದರ್ಭ: ನಗುತ್ತಾ ಹೇಳಿದರು. ಗೆಳತಿಯೂ ನಕ್ಕರು. ಕಿಟಕಿಯ ಒಳಗಿದ್ದವನಿಗೆ ಬಸ್ಸಿನ ವೇಳೆ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಹೇಳಿದವಳು ನಾನಲ್ಲ, ಯಾರೋ; ಕಥೆ ಮಾತ್ರ ನನ್ನದೇ. ದೇವರೇ. ಅಪ್ಪ ಬದುಕಿದ್ದಾರೆ.

ಅದೇ ದಿನ, 1.30

ಊಟಕ್ಕೆ ಹೋಗಲಿಲ್ಲ. ಚೀಟಿ ಕೋಣೆಗೆ ಹೋದೆ. ಮೂಲ ಕೈಬರಹವೆಲ್ಲ ಅಲ್ಲಿ ಡಬ್ಬಗಳಲ್ಲಿ ನಂಬರ್ ಪ್ರಕಾರ ಇದೆ. ಹನ್ನೊಂದು ವರ್ಷದಲ್ಲಿ ಆ ಕೋಣೆಗೆ ನಾಲ್ಕು ಸಲ ಹೋಗಿದ್ದರೆ ಹೆಚ್ಚು. ಟೈಪ್ ಮಾಡಿದ್ದು ಮೇಜಿಗೆ ಬರುವಾಗ ಧೂಳು ಕುಡಿಯುವ ಹುಚ್ಚು ಯಾರಿಗೆ?

ಅರವತ್ತಮೂರರ ಡಬ್ಬದಲ್ಲಿ ನಲವತ್ತನಾಲ್ಕು ಚೀಟಿ. ನಾಲ್ಕು ವರ್ಷದ್ದು. ಎಲ್ಲ ಗೆರೆ ಎಳೆದು ಬರೆದವು, ಪ್ರತಿಯೊಂದರ ಬೆನ್ನಿಗೂ ನಾನು ಸೀಲು ಒತ್ತಿದ ಟೈಪ್ ಪ್ರತಿ ಪಿನ್ ಮಾಡಿದೆ.

ಎರಡಕ್ಕೆ ಮಾತ್ರ 'ಬೇಕು'. ನಲವತ್ತೆರಡರ ಮೇಲೆ ಕೆಂಪು ಸೀಲು. ಬೇಡ. ಬೇಡ. ಬೇಡ. ಪಕ್ಕದಲ್ಲಿ ನಾನು ಕೊಟ್ಟ ಕಾರಣ. 'ದೀರ್ಘ.' 'ಅನಗತ್ಯ ವಿವರ.' ಒಂದಕ್ಕೆ, ಅಯ್ಯೋ, 'ಇದು ನಿಘಂಟು, ಕಾದಂಬರಿಯಲ್ಲ.' ಅವತ್ತು ಆ ಮಾತಿಗೆ ನಾನೂ ಟೈಪ್ ಅಕ್ಕನೂ ಎಷ್ಟು ನಕ್ಕಿದ್ದೆವು! ಅದು ಕಾರ್ಡಿನಲ್ಲಿ ಹೋಗಿದೆ. ಅದನ್ನು ಅವರು ಓದಿದ್ದಾರೆ. ಓದಿ, ಮುಂದಿನ ತಿಂಗಳು ಮತ್ತೆ ಪೆನ್ಸಿಲ್ ತಗೊಂಡು ಗೆರೆ ಎಳೆದಿದ್ದಾರೆ.

ಮತ್ತೆ ಇನ್ನೊಂದು. ನಲವತ್ತನಾಲ್ಕೂ ಎಸ್, ಟಿ, ಯು. ಸ್ಟಿಕ್ ಅರೌಂಡ್. ಶೋ ಅಪ್. ಟರ್ನ್ ಅಪ್. ಟರ್ನ್ ಬ್ಯಾಕ್. ಟೇಕ್ ಆಫ್. ಬೇರೆ ಒಂದು ಅಕ್ಷರ ಇಲ್ಲ. ಎಸ್, ಟಿ, ಯು ನೋಡುವವಳು ನಾನು ಅಂತ ಈ ಕಟ್ಟಡದ ಹೊರಗೆ ಗೊತ್ತಿರುವುದು ಯಾರಿಗೆ?

ನೆಲದ ಮೇಲೆ ಕೂತುಬಿಟ್ಟೆ.

ಮಾರ್ಚ್ 7

ದೊಡ್ಡವರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಲೂ ಇಲ್ಲ.

"ಅರವತ್ತಮೂರು ಯಾರು, ಸರ್?"

"ನಂಬರ್ ಅಂದ್ರೆ ನಂಬರಮ್ಮ. ಹೆಸರು ಕೇಳಬಾರದು. ಈ ನಿಯಮ ನನಗೂ ಅನ್ವಯ."

"ಅದು ನಮ್ಮಪ್ಪ ಸರ್."

ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಪಾಪ, ಅವರಿಗೆ ಇದಕ್ಕೆ ಯಾವ ನಿಯಮವೂ ತೋಚಲಿಲ್ಲ. ಕೊನೆಗೆ ಬೀರು ತೆಗೆದು ಅರವತ್ತಮೂರು ಸೇರುವಾಗ ಕೊಟ್ಟ ಅರ್ಜಿಯನ್ನು ನನ್ನ ಮುಂದಿಟ್ಟು, ಕಿಟಕಿ ಕಡೆ ತಿರುಗಿ ನಿಂತರು. "ನಾನು ತೋರಿಸಿಲ್ಲ. ನೀವು ನೋಡಿಲ್ಲ."

ಅಪ್ಪನ ಹೆಸರು. ಗೆರೆ ಎಳೆದು ಬರೆದದ್ದು. ಕೆಲಸ ಬೇರೆ ಊರಿನ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ, ಇಲ್ಲಿಂದ ಮೂರು ಗಂಟೆ ದಾರಿ. ಮೂರೇ ಗಂಟೆ! ನಾನು ಮನಸ್ಸಿನಲ್ಲೇ ಸಮುದ್ರ ದಾಟಿಸಿದ್ದೆ, ಒಮ್ಮೊಮ್ಮೆ ಮಣ್ಣೂ ಮಾಡಿದ್ದೆ.

ಅದರ ಕೆಳಗೆ 'ಪರಿಚಯಿಸಿದವರ ಸಹಿ' ಅಂತ ಒಂದು ಗೆರೆ.

ಅಮ್ಮನ ಸಹಿ.

"ನಿಮ್ಮ ತಾಯಿ ಅಂತ ಗೊತ್ತಿತ್ತು. ಆ ಮನುಷ್ಯ ಯಾರು ಅಂತ ಮಾತ್ರ ಗೊತ್ತಿರಲಿಲ್ಲ," ಅಂದರು ದೊಡ್ಡವರು, ಕಿಟಕಿಗೇ ಹೇಳುವ ಹಾಗೆ. "ದೂರದ ಸಂಬಂಧ ಅಂದಿದ್ರು."

ದೂರದ ಸಂಬಂಧ. ಹೌದಲ್ಲ, ಅದಕ್ಕಿಂತ ಸರಿಯಾದ ಪದ ನಿಘಂಟಿನಲ್ಲೂ ಇಲ್ಲ.

ಮಾರ್ಚ್ 12, ಬುಧವಾರ

ಐದು ದಿನ ಅಮ್ಮನ ಹತ್ತಿರ ಮಾತಾಡಲಿಲ್ಲ. ಹೂಂ, ಊಹೂಂ ಅಷ್ಟೇ. ಅವಳೂ ಕೇಳಲಿಲ್ಲ. ಇಂಥದ್ದರಲ್ಲಿ ನಾವಿಬ್ಬರೂ ಒಂದೇ ಅಚ್ಚು.

ಇವತ್ತು ಸಂಜೆ ಅಮ್ಮ ಯಾರದೋ ಕೋಟಿನ ಅಂಚು ಬಿಚ್ಚುತ್ತಿದ್ದಳು. ನಾನು ಆ ಚೀಟಿಯನ್ನು ಹೊಲಿಗೆ ಮೆಷಿನ್ ಮೇಲೆ ಇಟ್ಟೆ. ಒಮ್ಮೆ ನೋಡಿದಳು. ಬ್ಲೇಡು ಕೆಳಗಿಟ್ಟಳು.

"ಗೊತ್ತಾಯ್ತಾ," ಅಂದಳು. ಅಷ್ಟೇ. ಗೊತ್ತಾಯ್ತಾ!

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ. ಮೋಸಗಾತಿ ಅಂದದ್ದು ಮಾತ್ರ ನೆನಪಿದೆ. ಹೆತ್ತ ತಾಯಿಗೆ. ಅಮ್ಮ ಎಲ್ಲ ಕೇಳಿಸಿಕೊಂಡಳು. ನನ್ನ ಉಸಿರು ಮುಗಿದ ಮೇಲೆ ಶುರು ಮಾಡಿದಳು.

"ನಾಲ್ಕು ವರ್ಷದ ಹಿಂದೆ ಅಂಗಡಿಗೆ ಬಂದ್ರು ಕಣೇ. ಪ್ಯಾಂಟ್ ಉದ್ದ ಆಗಿದೆ, ಕಮ್ಮಿ ಮಾಡಿಕೊಡಿ ಅಂತ. ತಲೆ ಎತ್ತಿ ನೋಡಿದೆ. ಇವರು."

"ಏನಂದೆ?"

"ಏನನ್ನಲಿ? ನೆಟ್ಟಗೆ ನಿಲ್ಲಿ ಅಂದೆ. ಅಳತೆ ತಗೊಂಡೆ. ಒಂದಿಂಚು ಕುಗ್ಗಿದಾರೆ ಮನುಷ್ಯ."

ನನಗೆ ನಗು ಬಂತು. ಆ ಹೊತ್ತಿನಲ್ಲಿ ನಗು! ನಗುತ್ತಲೇ ಅತ್ತುಬಿಟ್ಟೆ.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರಂತೆ. ಒಮ್ಮೆ ಗುಂಡಿ ಹಾಕಿಸಲು, ಒಮ್ಮೆ ಜಿಪ್ ಬದಲಾಯಿಸಲು. ಒಳ್ಳೆಯ ಜಿಪ್ಪನ್ನೇ ಕಿತ್ತುಕೊಂಡು ಬಂದಿದ್ದರು ಅಂತ ಅಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತಂತೆ.

"ಯಾಕೆ ಹೋದ್ರಂತೆ?" ನನಗೆ ಬೇಕಿದ್ದದ್ದು ಇದೊಂದೇ. ಹದಿನೆಂಟು ವರ್ಷ ಇದೊಂದೇ.

ಅಮ್ಮ ಸೂಜಿಗೆ ದಾರ ಪೋಣಿಸಿದಳು. ಹೊಲಿಯಲಿಲ್ಲ.

"ರಿಪೇರಿಯವನು ಈಗ ಆಗಲ್ಲ, ಸಂಜೆ ತಗೊಂಡ್ ಬಾ ಅಂದನಂತೆ. ಬೋರ್ಡು ಕೆಲಸ ನಿಂತು ಆಗಲೇ ಎಂಟು ತಿಂಗಳಾಗಿತ್ತಲ್ಲ, ಎಲ್ಲರೂ ಮಿಷಿನ್ ಬೋರ್ಡೇ ಹಾಕಿಸ್ತಿದ್ರು. ಮನೆಗೆ ಬಂದ್ರೆ ಮತ್ತೆ ಸುಮ್ನೆ ಕೂರಬೇಕು. ನಿನ್ನ ಕಣ್ಣೆದುರು ಕೂರೋಕೆ ನಾಚಿಕೆ. ಸಂಜೆ ತನಕ ಏನು ಮಾಡೋದು ಅಂತ ಒಂದು ಬಸ್ ಹತ್ತಿದ್ರಂತೆ. ಮುಂದಿನ ಸ್ಟಾಪಲ್ಲಿ ಇಳೀತೀನಿ ಅಂದ್ಕೊಂಡ್ರಂತೆ. ಇಳಿಯೋಕಾಗ್ಲಿಲ್ವಂತೆ. ಅದರ ಮುಂದಿನದ್ರಲ್ಲೂ ಆಗ್ಲಿಲ್ಲ. ಆಮೇಲೆ ವಾಪಸ್ ಬರೋಕೆ ಮುಖ ಇರ್ಲಿಲ್ಲ."

ಅಷ್ಟೇ? ಇನ್ನೊಬ್ಬ ಹೆಂಗಸಿಲ್ಲ. ಜಗಳ ಇಲ್ಲ. ಕುಡಿತ ಇಲ್ಲ. ನಾನು ಇಷ್ಟು ವರ್ಷ ಕಟ್ಟಿದ್ದ ಕಥೆಗಳೆಲ್ಲ ಇದಕ್ಕಿಂತ ಚೆನ್ನಾಗಿದ್ದವು. ಇಳಿಯಲಾಗದೆ ಹೋದವರಿಗೆ ನನ್ನ ಪಟ್ಟಿಯಲ್ಲಿ ಪದವೇ ಇಲ್ಲ. ಕಂಬಿಯನ್ನೂ ಕೀಳಲಿಲ್ಲ, ಗಂಟುಮೂಟೆಯನ್ನೂ ಕಟ್ಟಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೆಸರು ಎತ್ತಬಾರದು ಅಂದವಳು ಯಾರು? ಎತ್ತಿದ್ರೆ ನಾನೂ ಮನೆ ಬಿಡ್ತೀನಿ ಅಂದಿದ್ದೆ ನೀನು. ಒಬ್ಬರು ಹೋಗಿದ್ದನ್ನ ನೋಡಿದ್ದೆ. ಇನ್ನೊಬ್ಬಳು ಹೋಗೋದು ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ." ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು, "ನಿನ್ನ ಹತ್ರ ಒಂದು ಮಾತಾಡಬೇಕು ಅಂತಿದ್ರು ಇವರು. ನೀನು ಮಾತೇ ಕೇಳೋ ಕೆಲಸ ಮಾಡ್ತೀಯಲ್ಲ. ಚೀಟಿ ಕಳ್ಸಿ, ಅದನ್ನಾದ್ರೂ ಓದ್ತಾಳೆ ಅಂದೆ. ತಪ್ಪಾಯ್ತಾ?"

ಓದಿದೆನಲ್ಲ ಅಮ್ಮ. ನಲವತ್ತೆರಡು ಸಲ ಓದಿ ಬೇಡ ಅಂದೆ.

ಮಾರ್ಚ್ 13

ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ಚಪ್ಪಲಿ ಹಾಕುತ್ತಾ, ನನ್ನ ಕಡೆ ನೋಡದೆ — "ಭಾನುವಾರ ನಾಲ್ಕಕ್ಕೆ ಬರೋಕೆ ಹೇಳ್ಲಾ?"

"ಹೇಳು."

ಈ ಬಾಯಿ ನನ್ನದೇನಾ?

ಮಾರ್ಚ್ 16, ಭಾನುವಾರ. 3.40

ಅಮ್ಮ ಮೂರು ಸಲ ಸೀರೆ ಬದಲಾಯಿಸಿದಳು. ಕೊನೆಗೆ ಮೊದಲಿನದನ್ನೇ ಉಟ್ಟಳು. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಟೀಗೆ ನೀರಿಟ್ಟಿದೆ. ಬಂದ ಕೂಡಲೇ ಏನನ್ನಲಿ? ಅಪ್ಪಾ ಅಂತ ಕರೆದು ಹದಿನೆಂಟು ವರ್ಷ. ಬೈದುಬಿಡುತ್ತೇನೇನೋ. ಬೈಯಬೇಕು. ಮೊದಲು ಬೈದು, ಆಮೇಲೆ ಟೀ.

5.10

ಇಲ್ಲ.

ಬಸ್ ತಡವಿರಬಹುದು. ವಿಚಾರಣೆ ಕಿಟಕಿಯವರಿಗೆ ಬಸ್ಸಿನ ವೇಳೆ ಗೊತ್ತಿರುವುದಿಲ್ಲವೇ?

6.30

ಅಮ್ಮ ಟೀ ಪಾತ್ರೆ ತೊಳೆದಿಟ್ಟಳು. ಉಟ್ಟಿದ್ದ ಸೀರೆಯನ್ನು ಬಿಚ್ಚಿ ಮಡಚಿ, 'ಹೊಸ' ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಇಸ್ತ್ರಿ ಮಾಡಿ ಒಳಗಿಟ್ಟಳು.

ಥೂ! ಮತ್ತೆ! ಮತ್ತೆ ಅದೇ! ನಾನು ಹದಿನಾಲ್ಕರವಳಾಗಿ ಗೇಟಿನ ಹತ್ತಿರ ನಿಂತಂತೆ ಆಯಿತಲ್ಲ. ಬೇಡ. ಈ ಮನುಷ್ಯ ಬೇಡ. ಸೀಲು ಒತ್ತಿ ಆಯಿತು.

ಮಾರ್ಚ್ 19, ಬುಧವಾರ. ಕಚೇರಿ

ಟಪಾಲಿನಲ್ಲಿ ಅರವತ್ತಮೂರರ ಚೀಟಿ. ತೆರೆಯದೆ ಹರಿಯಬೇಕು ಅಂದುಕೊಂಡೆ. ತೆರೆದೆ.

ಮೊದಲ ಸಲ ಗೆರೆ ಇಲ್ಲ. ತಲೆಕಟ್ಟು ಎಲ್ಲ ಸೊಟ್ಟ.

ವಾಕ್ಯ: ಐ ಟುಕ್ ಆಫ್ ಅಗೇನ್.
ಹೇಳಿದವರು: ನಾನೇ. ಯಾರಿಗೂ ಅಲ್ಲ.
ಎಲ್ಲಿ, ಯಾವಾಗ: ನಿಮ್ಮ ಬೀದಿಯ ತಿರುವು, ಔಷಧಿ ಅಂಗಡಿಯ ಮುಂದೆ. ಮಾರ್ಚ್ 16, ನಾಲ್ಕು ಗಂಟೆಗೆ ಐದು ನಿಮಿಷ ಇತ್ತು.
ಸಂದರ್ಭ: ಇಸ್ತ್ರಿ ಪೆಟ್ಟಿಗೆ ಕೈಯಲ್ಲಿತ್ತು. ರಿಪೇರಿ ಆಗಿದೆ.

ಸಂದರ್ಭ ಎರಡೇ ಸಾಲು. ಚಿಕ್ಕದಾಗಿ ಬರೆಯಿರಿ, ಚಿಕ್ಕದಾಗಿ ಬರೆಯಿರಿ ಅಂತ ನಾಲ್ಕು ವರ್ಷ ಪೀಡಿಸಿದೆನಲ್ಲ, ಕಲಿತುಬಿಟ್ಟರು. ಇವತ್ತು ನನಗೆ ಉದ್ದವಾದದ್ದು ಬೇಕಿತ್ತು. ತಿರುವಿನಲ್ಲಿ ಎಷ್ಟು ಹೊತ್ತು ನಿಂತಿರಿ? ನಮ್ಮ ಗೇಟು ಕಂಡಿತಾ? ಯಾವ ಅಂಗಿ ಹಾಕಿದ್ದಿರಿ? ಆ ಇಸ್ತ್ರಿ ಪೆಟ್ಟಿಗೆಯನ್ನು ಹದಿನೆಂಟು ವರ್ಷ ಎಲ್ಲಿ ಇಟ್ಟಿದ್ದಿರಿ, ಮಂಚದ ಕೆಳಗಾ?

ಸೀಲು ಕೈಗೆ ತಗೊಂಡೆ. 'ಬೇಡ' ತಾನಾಗಿಯೇ ಕೈಗೆ ಬಂತು, ಅಭ್ಯಾಸ. ಕೆಳಗಿಟ್ಟೆ. 'ಬೇಕು' ಒತ್ತಲು ಮನಸ್ಸು ಒಪ್ಪಲಿಲ್ಲ, ಅಷ್ಟು ಸುಲಭವಾಗಿ ಹೇಗೆ ಒತ್ತಲಿ? ಸಿಟ್ಟು ಇಳಿದಿಲ್ಲ ನನಗೆ. ಇಳಿಯುವುದೂ ಇಲ್ಲ.

ಮೂರನೆಯದು ಮೂಲೆಯಲ್ಲಿತ್ತು. ಶಾಯಿ ಒಣಗಿತ್ತು. ಎರಡು ಸಲ ಒತ್ತಬೇಕಾಯಿತು.

ವಿವರ ಬೇಕು.

ಕಾರ್ಡನ್ನು ನಾನೇ ಬರೆದೆ. ಪೆನ್ಸಿಲ್ ತಗೊಂಡು ಮೇಲೊಂದು ಕೆಳಗೊಂದು ಗೆರೆ ಎಳೆದುಕೊಂಡೆ. ಮರೆತಿರಲಿಲ್ಲ.

'ನಿಯಮದ ಪ್ರಕಾರ ವಾಕ್ಯವನ್ನು ಒಬ್ಬರು ಬಾಯಿಬಿಟ್ಟು ಹೇಳಿರಬೇಕು, ಇನ್ನೊಬ್ಬರು ಕಿವಿಯಾರೆ ಕೇಳಿರಬೇಕು. ತಮಗೆ ತಾವೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಈ ಕೆಳಗಿನ ಸಂಖ್ಯೆಗೆ ಫೋನ್ ಮಾಡಿ ಹೇಳುವುದು. ಸಂಜೆ ಆರರ ಮೇಲೆ. ಕೇಳುವವರು ಇರುತ್ತಾರೆ. — ಸಂಪಾದಕಿ, ಎಸ್–ಟಿ–ಯು.'

ಮನೆಯ ನಂಬರ್ ಬರೆದೆ. ಟೈಪ್ ಅಕ್ಕ ಹಸಿರು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಮರಳಿದ್ದಾಳೆ. "ಏನೇ ಇದು, ಪುರಾಣಿಕರಿಗೆ ವಿವರ ಬೇಕಾ? ಬಿಸಿಲು ತಲೆಗೆ ಹತ್ತಿತಾ?" ಅಂದಳು. ನಗಲಾಗಲಿಲ್ಲ. ಅವಳಿಗೆ ನನ್ನ ಮುಖ ಸರಿಯಾಗಿ ಕಾಣದಿದ್ದದ್ದು ಒಳ್ಳೆಯದಾಯಿತು.

ಮಾರ್ಚ್ 21

ಆರರಿಂದ ಒಂಬತ್ತು. ಇಲ್ಲ.

ಮಾರ್ಚ್ 22

ಇಲ್ಲ. ರಾಂಗ್ ನಂಬರ್ ಒಂದು. ಯಾರೋ ಗ್ಯಾಸ್ ಏಜೆನ್ಸಿಯಾ ಅಂತ ಕೇಳಿದರು. ಅಮ್ಮ ಅವರನ್ನೂ ಎರಡು ನಿಮಿಷ ಮಾತಾಡಿಸಿದಳು.

ಮಾರ್ಚ್ 24, ಸೋಮವಾರ. ಸಂಜೆ 7.15

'ಟೇಕ್ ಆಫ್' ಅಚ್ಚಿಗೆ ಕೊಡಲು ಗುರುವಾರವೇ ಗಡುವು. ಐದು ಅರ್ಥ ಮುಗಿದಿವೆ. ಆರನೆಯದಕ್ಕೆ 'ಹೊರಟುಬಿಡು' ಅಂತ ಬರೆದು, ಉದಾಹರಣೆಯ ಜಾಗ ಖಾಲಿ ಬಿಟ್ಟಿದ್ದೇನೆ. ದೊಡ್ಡವರು ಆ ಖಾಲಿ ಜಾಗ ನೋಡಿದರು, ನನ್ನನ್ನು ನೋಡಿದರು. "ಗುರುವಾರ ಸಂಜೆವರೆಗೆ ಕಾಯ್ತೀನಿ," ಅಂದರು.

ಫೋನ್.

ಅಮ್ಮನ ಮೆಷಿನ್ ನಿಂತಿತು. ಎದ್ದಳು. ಫೋನಿನ ಹತ್ತಿರ ಹೋಗಿ ನಿಂತಳು. ಎತ್ತುತ್ತಿಲ್ಲ. ಮೂರು ಸಲ ಬಡಿದುಕೊಂಡಿತು.

"ನೀನೇ ಎತ್ತು," ಅನ್ನುತ್ತಿದ್ದಾಳೆ. "ನಿಂಗೇ ಹೇಳಬೇಕಾದ್ದು ಅದು."

ಬರೆಯುತ್ತಾ ಕೂತಿದ್ದೇನೆ, ಹುಚ್ಚಿ. ಐದು. ಆರು. ನಿಲ್ಲಬೇಡಿ, ಬಂದೆ, ಫೋನ್ ಇಡಬೇಡಿ ಅಪ್ಪಾ, ಬಂ